ಆಷಾಢಕ್ಕೆ ಮುಂಚೆ ಉಕ್ಕದ ಹಾಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮಮ್ಮ ಹೇಳುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದೂ ಹೇಳುತ್ತಿದ್ದಳು. ಎರಡೂ ನಿಜ. ಎಂಬತ್ತು ದಾಟಿದ ಮೇಲೂ ಒಂದು ಕಡೆ ಅರ್ಧ ಗಂಟೆ ನೆಟ್ಟಗೆ ಕೂರಲಾರೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಮುಂಬಾಗಿಲ ಚಿಲಕ ಮುಟ್ಟಿ ನೋಡಿ ಬಂದಿದ್ದೇನೆ. ಹಾಕಿಯೇ ಇದೆ, ಹಾಕಿರುತ್ತದೆಂದು ಗೊತ್ತು, ಆದರೂ ಹೋಗುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಡಿಯೂರು ಕೆರೆಯ ಹಿಂದಿದ್ದ ಒಂದು ತಂಗುಮನೆಯ ಮೇಲ್ವಿಚಾರಕಿಯಾಗಿದ್ದೆ. ಅದು ಮೊದಲು ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯಾಗಿತ್ತಂತೆ. ಉದ್ದನೆಯ ಹೆಂಚಿನ ಕಟ್ಟಡ, ನಡುನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎಂಟು ಕೋಣೆ ಮಾಡಿದ್ದರು. ತುದಿಯ ಒಂಬತ್ತನೆಯದು ನನ್ನದು. ತಲೆಯ ಮೇಲೆ ಸೂರಿಲ್ಲದ ಸಂಸಾರಗಳಿಗೆ ಅಲ್ಲಿ ಆರು ತಿಂಗಳು ಜಾಗ. ಅಷ್ಟರಲ್ಲಿ ಅವರಿಗೊಂದು ಕೆಲಸ ಹುಡುಕಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಕಾಯಿಲೆ ಕಸಾಲೆ ನೋಡಬೇಕು, ಕೊನೆಗೆ ಒಂದು ಬಾಡಿಗೆ ಮನೆ ಹುಡುಕಿಕೊಟ್ಟು ಕಳಿಸಬೇಕು. ಆರು ತಿಂಗಳ ಮೇಲೆ ಒಂದು ದಿನವೂ ಇಲ್ಲ. ನನಗೆ ಇಪ್ಪತ್ತಾರು ವಯಸ್ಸು, ಮದುವೆ ಬೇಡವೆಂದು ಮನೆಯಲ್ಲಿ ಜಗಳವಾಡಿ ಬಂದವಳು. ಜಗತ್ತನ್ನು ಸರಿ ಮಾಡಿಬಿಡುತ್ತೇನೆಂಬ ಜಂಭ ಬೇರೆ.

ಆ ಮನೆಯಲ್ಲಿ ಯಾರೂ ಗಂಟು ಪೂರ್ತಿ ಬಿಚ್ಚುತ್ತಿರಲಿಲ್ಲ. ಬೇಕಾದ ಸೀರೆಯನ್ನು ಎಳೆದುಕೊಂಡು ಮತ್ತೆ ಕಟ್ಟಿಡುವರು. ಹೊರಗೆ ಲಾರಿ ನಿಂತ ಸದ್ದಾದರೆ ಎಂಟು ಬಾಗಿಲುಗಳಿಂದಲೂ ತಲೆ ಆಚೆ ಬರುತ್ತಿತ್ತು. ಸುತ್ತ ಜಯನಗರ ಏಳುತ್ತಿದ್ದ ಕಾಲ. ನಂಬರು ಬರೆದ ಕಲ್ಲು ನೆಟ್ಟ ಸೈಟುಗಳು, ಅರ್ಧ ಕಟ್ಟಿದ ಗೋಡೆಗಳು, ಜಲ್ಲಿಯ ರಾಶಿಗಳು. ಎಲ್ಲರಿಗೂ ಮನೆಗಳು ಎದ್ದೇಳುತ್ತಿದ್ದವು, ನಮ್ಮವರಿಗೆ ಮಾತ್ರ ದಿನ ಎಣಿಸುವ ಕೆಲಸ. ನಾನೂ ಅವರ ಜೊತೆ ಎಣಿಸುತ್ತಿದ್ದೆ. ಯಾರಿಗೆ ಎಷ್ಟು ದಿನ ಉಳಿದಿದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆನೇನೋ.

ಅಲ್ಲಿನ ನಿಯಮಗಳನ್ನೆಲ್ಲ ತಂಗುಮನೆ ನಡೆಸುತ್ತಿದ್ದ ಸಮಿತಿಯವರು ಮಾಡಿದ್ದರು. ಒಂದನ್ನು ಮಾತ್ರ ನಾನೇ ಸೇರಿಸಿದ್ದೆ, ನನ್ನ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದು ನೀರಿನ ತೊಟ್ಟಿಯ ಪಕ್ಕ ಬೋರ್ಡು ಹಾಕಿದ್ದೆ: ಬೇರೆ ಕಡೆ ಒಲೆ ಹೂಡಿದವರಿಗೆ ಇಲ್ಲಿ ಜಾಗವಿಲ್ಲ. ಅದಕ್ಕೊಂದು ಕಾರಣವಿತ್ತು. ಹಿಂದಿನ ವರ್ಷ ಒಬ್ಬ ಮಹಾನುಭಾವ ಗವೀಪುರದ ಕಡೆ ಮನೆ ಮಾಡಿ, ಅಲ್ಲಿ ಹೆಂಡತಿಯನ್ನಿಟ್ಟು, ತಾನು ತಾಯಿಯ ಜೊತೆ ನಮ್ಮಲ್ಲೇ ಎರಡು ತಿಂಗಳು ಇದ್ದ. ಹೊರಗಿನ ಜಗಲಿಯಲ್ಲಿ ಜನ ಕಾದು ಕೂತಿದ್ದಾಗ ಹೀಗೆ ಮಾಡಿದನಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಗಿತ್ತು. ನಿಯಮ ಬರೆದ ದಿನ ನಾನು ಬಹಳ ಬುದ್ಧಿವಂತಳೆಂದು ನನಗೇ ಅನ್ನಿಸಿತು.

ನಾನು ಹೇಳಹೊರಟ ಹೆಂಗಸು ಮಗಳ ಕೈ ಹಿಡಿದುಕೊಂಡು ಬಂದದ್ದು ಧನುರ್ಮಾಸದ ಕೊನೆಯಲ್ಲಿ, ಸಂಕ್ರಾಂತಿಗೆ ಇನ್ನು ನಾಲ್ಕೈದು ದಿನವಿದ್ದಾಗ. ಗಂಡ ತೀರಿಕೊಂಡು ವರ್ಷವಾಗಿತ್ತು. ಕನಕಪುರದ ಆಚೆ ಒಂದು ಹಳ್ಳಿ, ಗಂಡನ ಅಣ್ಣನ ಮನೆ. ಭಾವನಿಗೆ ಇವಳು ಬೇಡ, ಮಗಳು ಮಾತ್ರ ಬೇಕು. ಹುಡುಗಿಗೆ ಒಂಬತ್ತು ತುಂಬಿತ್ತು. ಮನೆಗೆಲಸಕ್ಕಾಯಿತು, ನಾಲ್ಕು ವರ್ಷ ಕಳೆದರೆ ತನ್ನ ಹೆಂಡತಿಯ ತಮ್ಮನಿಗೆ ಕಟ್ಟಬಹುದು ಎಂಬ ಲೆಕ್ಕಾಚಾರ. ಆ ತಮ್ಮನಿಗೆ ಆಗಲೇ ಮೂವತ್ತಾಗಿತ್ತು. ಇದು ಕಿವಿಗೆ ಬಿದ್ದ ದಿನವೇ ಅವಳು ಮಗಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದ್ದಳು. ಬನಶಂಕರಿ ದೇವಸ್ಥಾನದ ಹತ್ತಿರ ಎಂಟು ದಿನ ಕಳೆದು ಯಾರೋ ಹೇಳಿದರೆಂದು ನಮ್ಮಲ್ಲಿಗೆ ಬಂದಳು. ಏನು ಬೇಕಮ್ಮ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು.

"ಇವಳನ್ನ ನನ್ನ ಹತ್ರಾನೇ ಇಟ್ಕೋಬೇಕು ಅಕ್ಕಾವ್ರೆ. ಅದಕ್ಕೊಂದು ಬಾಗಿಲು ಇರೋ ಜಾಗ ಬೇಕು. ಅಷ್ಟೇ."

ಅವಳಿಗೆ ಊದುಬತ್ತಿ ಹೊಸೆಯುವ ಕೆಲಸ ಹಿಡಿಸಿಕೊಟ್ಟೆ. ತ್ಯಾಗರಾಜನಗರದ ಕಡೆಯ ಒಬ್ಬ ಊದುಬತ್ತಿಯವನು ಕಡ್ಡಿ, ಇದ್ದಿಲ ಮಸಿ ಕೊಟ್ಟು ಹೋಗುವನು. ಇವಳು ಮರದ ಹಲಗೆಯ ಮೇಲೆ ಬಗ್ಗಿ ಕೂತರೆ ಮಧ್ಯಾಹ್ನದವರೆಗೆ ತಲೆ ಎತ್ತುತ್ತಿರಲಿಲ್ಲ. ನನಗೆ ಅವಳನ್ನು ನೋಡಿದರೆ ಆಶ್ಚರ್ಯ, ಸ್ವಲ್ಪ ಹೊಟ್ಟೆಕಿಚ್ಚೂ ಕೂಡ. ಒಬ್ಬ ಹೆಂಗಸು ಇಷ್ಟು ಹೊತ್ತು ಅಲುಗಾಡದೆ ಹೇಗೆ ಕೂರುತ್ತಾಳೆ? ಮಗಳು ಇದಕ್ಕೆ ತದ್ವಿರುದ್ಧ, ಬಾಯಿಬಡುಕಿ. ಶಾಲೆಯಿಂದ ಬಂದವಳೇ ನನ್ನ ಹಿಂದೆ ಹಿಂದೆ ಸುತ್ತುತ್ತ, ಅಕ್ಕ ನೀವ್ಯಾಕೆ ನಿಲ್ಲೋದೇ ಇಲ್ಲ ಎಂದು ಕೇಳುವಳು. ನಿನ್ನ ಬಾಯಿ ನಿಂತ ದಿನ ನನ್ನ ಕಾಲೂ ನಿಲ್ಲುತ್ತೆ ಎಂದರೆ ಕಿಸಕ್ಕನೆ ನಗುವಳು. ಮೂರನೇ ಕ್ಲಾಸಿನ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಿದ್ದಳು. ಆ ಹುಡುಗಿಯನ್ನು ಕಂಡರೆ ನನಗೆ ಬಹಳ ಇಷ್ಟವಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಯುಗಾದಿ ಕಳೆದ ಮೇಲೆ ಮನೆ ಹುಡುಕಲು ಶುರು ಮಾಡಿದೆವು. ಅಬ್ಬಾ, ಆ ಅಲೆದಾಟ! ಯಡಿಯೂರಿನ ಓಣಿಗಳು, ಬಸವನಗುಡಿಯ ವಠಾರಗಳು, ಎಲ್ಲ ಕಡೆಯೂ ಅದೇ ಪ್ರಶ್ನೆಗಳು. ಮನೆಯಲ್ಲಿ ಗಂಡಸರು ಯಾರು? ಯಾವ ಜನ? ಈಗೆಲ್ಲಿದ್ದೀರಿ? ತಂಗುಮನೆ ಎಂದ ಕೂಡಲೇ ಮುಖ ಹುಳ್ಳಗಾಗುತ್ತಿತ್ತು. ಒಬ್ಬರಂತೂ ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಮಾತಾಡಿದರು. ನಾನು ಅಲ್ಲೇ ಅವರಿಗೆ ಛೀಮಾರಿ ಹಾಕಿದೆ, ಇವಳು ನನ್ನ ಸೆರಗು ಹಿಡಿದು ಎಳೆದುಕೊಂಡು ಬಂದಳು. ಬಯ್ದರೆ ಪಕ್ಕದ ಮನೆಯವರೂ ಕೊಡಲ್ಲ ಅಕ್ಕಾವ್ರೆ ಎಂದಳು. ಅದೂ ಸರಿಯೇ.

ಕೊನೆಗೆ ಸಾರಕ್ಕಿಯಲ್ಲಿ ಸಿಕ್ಕಿತು. ಆಗ ಸಾರಕ್ಕಿ ಪೂರ್ತಿ ಹಳ್ಳಿ. ರಾಗಿ ಹೊಲ, ಕೆರೆ, ಸೊಪ್ಪಿನ ಮಡಿಗಳು. ಅಲ್ಲೊಂದು ಒಕ್ಕಲು ಮನೆಯವರು ಹಿತ್ತಲಲ್ಲಿ ಸಾಲಾಗಿ ಐದು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಯಜಮಾನಿ ಐವತ್ತರ ಹೆಂಗಸು, ಗಟ್ಟಿ ದನಿ, ಎಮ್ಮೆಯ ಕೆಚ್ಚಲು ತೊಳೆಯುತ್ತಲೇ ನಮ್ಮನ್ನು ಮಾತಾಡಿಸಿದಳು. ಇವಳ ಕೈಯ ಮಸಿ ನೋಡಿ, ದುಡಿಯೋ ಕೈ, ಆಗಲಿ ಎಂದಳು. ಕೊನೆಯ ಕೋಣೆಯವರು ಜ್ಯೇಷ್ಠದಲ್ಲಿ ಖಾಲಿ ಮಾಡುತ್ತಾರೆ, ಆಮೇಲೆ ಬನ್ನಿ ಎಂದಳು. ವಾಪಸ್ಸು ಬರುವಾಗ ಹುಡುಗಿ ದಾರಿಯುದ್ದಕ್ಕೂ ಸೈಟಿನ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಬಂದಳು. ನನಗೂ ನೆಗೆಯಬೇಕೆನ್ನಿಸಿತು. ಮೇಲ್ವಿಚಾರಕಿ ನೆಗೆಯುವ ಹಾಗಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಜ್ಯೇಷ್ಠ ಮುಗಿಯಲು ಹತ್ತು ದಿನವಿದ್ದಾಗ ಅವಳು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಬರುವ ಗುರುವಾರ ಒಂದು ಬೆಳಗ್ಗೆ ಹೊರಗೆ ಹೋಗಿಬರಲು ಅಪ್ಪಣೆ ಬೇಕು, ಸಾರಕ್ಕಿಯ ಕೋಣೆ ಖಾಲಿಯಾಗಿದೆ, ಹೋಗಿ ಹಾಲು ಉಕ್ಕಿಸಿ ಬಂದುಬಿಡುತ್ತೇನೆ ಎಂದಳು. ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ, ಮನೆಯವರೂ ಹೊಗಿಸಿಕೊಳ್ಳುವುದಿಲ್ಲ. ಮುಂಚೆಯೇ ಒಲೆ ಹಚ್ಚಿ ಹಾಲು ಉಕ್ಕಿಸಿಟ್ಟರೆ ಮನೆ ಹೊಕ್ಕಂತೆ ಲೆಕ್ಕ, ಆಮೇಲೆ ಯಾವ ದಿನ ಬೇಕಾದರೂ ಸಾಮಾನು ಸಾಗಿಸಬಹುದು. ನಮ್ಮ ಮನೆಗಳಲ್ಲೂ ಹಾಗೇ ಮಾಡುತ್ತಿದ್ದರು. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನನ್ನ ತಲೆಗೆ ಹತ್ತಿದ್ದು ಮಾತ್ರ ಒಲೆ ಎಂಬ ಮಾತು. ಅಲ್ಲಿ ಒಲೆ ಹಚ್ಚಿದರೆ ಇಲ್ಲಿ ಜಾಗವಿಲ್ಲ ಎಂದು ಬರೆದಿದೆ ನೋಡಿದೆಯಾ ಎಂದು ಕೇಳಿದೆ. ಒಂದು ಪಾವು ಹಾಲು ಉಕ್ಕಿಸಿ ಒಲೆ ಆರಿಸಿ ಬರುತ್ತೇನೆ, ಅಲ್ಲಿ ಮಲಗುವುದಿಲ್ಲ, ಮಗಳ ಶಾಲೆಯಲ್ಲಿ ಹೊಸ ಕ್ಲಾಸಿನ ಪುಸ್ತಕ ಕೊಡುವ ತನಕ, ಊದುಬತ್ತಿಯವನು ಈ ಸಲದ ಬತ್ತಿ ತೂಗಿ ಕೂಲಿ ಕೊಡುವ ತನಕ ಇಲ್ಲೇ ಇರಬೇಕಲ್ಲ ಎಂದು ಅವಳು ವಿವರಿಸಿದಳು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದೆ. ಹೋಗುವ ದಿನವೇ ಉಕ್ಕಿಸು, ಹಾಲಿಗೆ ಪಂಚಾಂಗ ಗೊತ್ತಾ ಎಂದು ಗೇಲಿಯನ್ನೂ ಮಾಡಿದೆ. ನಾನು ಯಾವುದೋ ಕೆಲಸವಿರುವವಳ ಹಾಗೆ ಎದ್ದು ಹೊರಗೆ ಹೋದೆ. ಕೆಲಸ ಏನೂ ಇರಲಿಲ್ಲ, ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದೆ.

ಅಮಾವಾಸ್ಯೆ ಕಳೆಯಿತು, ಆಷಾಢದ ಗಾಳಿ ಶುರುವಾಯಿತು. ಕೆರೆಯ ಕಡೆಯಿಂದ ಬೀಸಿ ಬಂದು ಹೆಂಚುಗಳನ್ನು ದಡಬಡ ಅಲ್ಲಾಡಿಸುತ್ತಿತ್ತು. ಅವಳ ಆರು ತಿಂಗಳು ಮುಗಿಯುವುದು ಆಷಾಢದ ಎರಡನೇ ವಾರದಲ್ಲಿ. ಶ್ರಾವಣಕ್ಕೆ ಆಮೇಲೂ ಮೂರು ವಾರ. ಈ ಮೂರು ವಾರ ತಾಯಿ ಮಗಳು ಎಲ್ಲಿರಬೇಕು ಎಂಬುದು ನನಗೆ ಹೊಳೆದದ್ದು ಆವತ್ತು ಕ್ಯಾಲೆಂಡರಿನ ಹಾಳೆ ತಿರುವಿದಾಗ. ಚಪ್ಪಲಿ ಮೆಟ್ಟಿಕೊಂಡು ಸಾರಕ್ಕಿಗೆ ಹೊರಟೆ. ದಾರಿಯಲ್ಲೆಲ್ಲ ಯಜಮಾನಿಗೆ ಹೇಗೆ ಜೋರು ಮಾಡಬೇಕು, ಮೂಢನಂಬಿಕೆ ಎಂದು ಹೇಗೆ ಬುದ್ಧಿ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ಹೋದೆ.

ಯಜಮಾನಿ ನನ್ನ ಭಾಷಣವನ್ನು ಪೂರ್ತಿ ಕೇಳಿದಳು. ತನ್ನ ಸಾಲಿನ ಎರಡನೇ ಕೋಣೆಗೆ ಹಿಂದೊಮ್ಮೆ ಆಷಾಢದಲ್ಲಿ ಜನರನ್ನು ಬಿಟ್ಟುಕೊಂಡು, ಅವರ ಎಳೆಗೂಸು ಆ ತಿಂಗಳಲ್ಲೇ ಹೋಯಿತೆಂದೂ, ಅದಕ್ಕೆ ಊರವರು ಇವತ್ತಿಗೂ ತನ್ನನ್ನೇ ಆಡಿಕೊಳ್ಳುತ್ತಾರೆಂದೂ ಹೇಳಿದಳು. ಶ್ರಾವಣದ ಮೊದಲ ಶುಕ್ರವಾರದ ತನಕ ಕೋಣೆಗೆ ಬೀಗ ಹಾಕಿ ಇಟ್ಟಿರುತ್ತೇನೆ, ಬೇರೆ ಯಾರಿಗೂ ಕೊಡುವುದಿಲ್ಲ, ಅದಕ್ಕಿಂತ ಹೆಚ್ಚು ನನ್ನ ಕೈಲಾಗದು ಎಂದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಆ ಹೆಣ್ಮಗಳು ಬಂದು ಕೇಳ್ಕೊಂಡಿದ್ಲು ತಾಯಿ, ಅಮಾಸೆ ಒಳಗೆ ಹಾಲು ಉಕ್ಕಿಸ್ಕೊಂಡು ಹೋಗ್ತೀನಿ ಅಂತ. ನಾನೂ ಆಗ್ಲಿ ಅಂದೆ. ಗುರುವಾರ ಆ ಕೋಣೆ ಸಾರಿಸಿ ರಂಗೋಲಿ ಬಿಟ್ಟು ಮಧ್ಯಾಹ್ನದ ಗಂಟ ಕಾದೆ. ಬರ್ಲೇ ಇಲ್ಲ. ಅವಳನ್ನ ತಡೆದೋರು ಯಾರು?"

ನಾನೇ ಎಂದು ಹೇಳಲಿಲ್ಲ. ಏನೋ ಅಡಚಣೆಯಾಯಿತಂತೆ ಎಂದು ಗೊಣಗಿ ಎದ್ದುಬಂದೆ.

ಶನಿವಾರ ಸಮಿತಿಯ ಅಧ್ಯಕ್ಷರು ಬಂದರು. ನಿವೃತ್ತ ಎಂಜಿನಿಯರು, ಜಯನಗರದ ಮೊದಲ ಮನೆಗಳಲ್ಲಿ ಒಂದು ಅವರದು. ಕೈಯಲ್ಲಿ ಸದಾ ಕೊಡೆ, ಮನಸ್ಸು ಒಳ್ಳೆಯದು, ನಿಯಮವೆಂದರೆ ನಿಯಮ. ಮೂರು ವಾರ ಹೆಚ್ಚು ಕೊಡಿ ಎಂದು ಕೇಳಿದೆ. ಅವರು ಜಗಲಿಯ ಕಡೆ ಕೊಡೆ ತೋರಿಸಿದರು. ಅಲ್ಲೊಬ್ಬ ಗಾರೆ ಕೆಲಸದವನು, ಅವನ ಹೆಂಡತಿ, ತೊಡೆಯ ಮೇಲೆ ಕೆಮ್ಮುವ ಕೈಗೂಸು. ಊರಿಗೆಲ್ಲ ಮನೆ ಕಟ್ಟುವವನು, ನಾಲ್ಕು ದಿನದಿಂದ ಆ ಕೋಣೆ ಖಾಲಿಯಾಗಲೆಂದು ಕಾದಿದ್ದ. ಅವರನ್ನು ಮೂರು ವಾರ ಗಾಳಿಯಲ್ಲಿ ಕೂರಿಸಲೇ ಎಂದು ಕೇಳಿದರು. ಆಮೇಲೆ ಅವರು ಇನ್ನೊಂದು ಮಾತು ಕೇಳಿದರು.

"ಆಷಾಢ ಬರುತ್ತೆ ಅಂತ ಆಕೆಗೆ ಗೊತ್ತಿರಲಿಲ್ವೇನಮ್ಮ? ಮುಂಚೇನೇ ಹಾಲು ಉಕ್ಕಿಸಿಟ್ಟಿದ್ದರೆ ಆಗ್ತಿತ್ತಲ್ಲ."

ಆವತ್ತು ನಾನು ಹೇಳಬೇಕಾಗಿದ್ದ ಮಾತು ಎರಡೇ ಎರಡು: ನಾನೇ ತಡೆದೆ. ಹೇಳಿದ್ದರೆ ಅವರು ಏನಾದರೂ ದಾರಿ ಹುಡುಕುತ್ತಿದ್ದರು, ತಮ್ಮ ಮನೆಯ ಹಿಂದಿನ ಚಪ್ಪರದಲ್ಲಾದರೂ ಇರಿಸುತ್ತಿದ್ದರು, ಅಂಥ ಮನುಷ್ಯ. ನನ್ನ ಬುದ್ಧಿವಂತಿಕೆಯ ಬೋರ್ಡು ಕಣ್ಣೆದುರಿಗೇ ಇತ್ತು. ನಾನು ನೆಲ ನೋಡಿದೆ. ಪಾಪ, ಈ ಜನಕ್ಕೆ ಮುಂದಾಲೋಚನೆ ಇರುವುದಿಲ್ಲ ಎಂದು ಅವರೇ ನಿಟ್ಟುಸಿರು ಬಿಟ್ಟು ಎದ್ದರು. ಮೂರು ಮಾರು ದೂರದಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಅವಳಿಗೆ ಅದು ಕೇಳಿಸಿತು. ತಲೆ ಎತ್ತಿ ನನ್ನ ಕಡೆ ಒಂದು ಸಲ ನೋಡಿದಳು, ಮತ್ತೆ ಹಲಗೆಯ ಮೇಲೆ ಬಗ್ಗಿದಳು. ನನಗೆ ಆ ನೋಟಕ್ಕಿಂತ ಅವಳು ಎದ್ದು ಬಂದು ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

ನನ್ನ ಕೋಣೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನಗೂ ಹೊಳೆದಿತ್ತು. ಹೊಳೆದು ಮೂರು ದಿನ ಅಂಗಳದಲ್ಲಿ ಶತಪಥ ಹಾಕಿದೆ. ಅಧ್ಯಕ್ಷರಿಗೆ ಗೊತ್ತಾದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ಆ ಗುರುವಾರದ ವಿಷಯ ಆಚೆ ಬರುತ್ತದೆ. ಕೊನೆಗೂ ಮನಸ್ಸು ಗಟ್ಟಿ ಮಾಡಿಕೊಂಡು, ಆದದ್ದಾಗಲಿ ಎಂದು ಅವಳ ಕೊನೆಯ ದಿನ ಬೆಳಗ್ಗೆ ಎದ್ದವಳೇ ಹೋಗಿ ನೋಡಿದರೆ ಕೋಣೆ ಖಾಲಿ. ನೆಲ ಗುಡಿಸಿತ್ತು, ಕೊಡದಲ್ಲಿ ಬರುವವರಿಗೆಂದು ನೀರು ತುಂಬಿಟ್ಟಿದ್ದಳು. ಸಂಜೆಯವರೆಗೆ ಇರುವ ಹಕ್ಕಿತ್ತು ಅವಳಿಗೆ. ಅಲ್ಲಿಯ ತನಕ ನಿಲ್ಲಲಿಲ್ಲ. ಎಂಟು ಗಂಟೆಗೆ ಗಾರೆಯವನ ಸಂಸಾರ ಒಳಗೆ ಬಂತು, ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು ನೀವು ಚೆನ್ನಾಗಿರಬೇಕು ಎಂದಳು. ಕೈ ಕೊಸರಿಕೊಂಡು ಓಡಿದೆ.

ಬನಶಂಕರಿ ದೇವಸ್ಥಾನದ ಸುತ್ತ ನೋಡಿದೆ. ಶಾಲೆಗೆ ಹೋಗಿ ಕೇಳಿದೆ, ಹುಡುಗಿ ಬಂದಿಲ್ಲ ಎಂದರು. ಊದುಬತ್ತಿಯವನು ಮೊದಲು ಗೊತ್ತಿಲ್ಲ ಎಂದ, ಎರಡನೇ ವಾರ ಬಾಯಿ ಬಿಟ್ಟ. ತನ್ನ ಶೆಡ್ಡಿನ ಮೂಲೆಯಲ್ಲಿ ಮಸಿ ಮೂಟೆಗಳ ಪಕ್ಕ ಮಲಗಲು ಜಾಗ ಕೊಟ್ಟಿದ್ದೇನೆ, ಹತ್ತು ಗಂಡಾಳು ಓಡಾಡುವ ಕಡೆ ಹೆಣ್ಣುಮಗು ಬೇಡವೆಂದು ಮಗಳನ್ನು ಊರಲ್ಲಿ ಬಿಟ್ಟು ಬಂದಿದ್ದಾಳೆ ಎಂದ. ಯಾವ ಊರು ಎಂದು ನಾನು ಕೇಳಲಿಲ್ಲ. ಅವಳಿಗೆ ಇದ್ದದ್ದು ಒಂದೇ ಊರು. ಶೆಡ್ಡಿನ ಬಾಗಿಲವರೆಗೆ ಹೋದೆ, ಒಳಗೆ ಕಾಲಿಡಲು ಮುಖವಿರಲಿಲ್ಲ. ಆ ದಿನಗಳಲ್ಲಿ ನಾನು ನಡೆದ ದಾರಿಯನ್ನು ಅಳೆದಿದ್ದರೆ ಮೈಸೂರಿಗೆ ಹೋಗಿ ಬಂದಷ್ಟಾಗುತ್ತಿತ್ತು.

ಶ್ರಾವಣದ ಮೊದಲ ಶುಕ್ರವಾರ ಬೆಳಗ್ಗೆ ಸಾರಕ್ಕಿಗೆ ಹೋದೆ. ಕರೆದಿರಲಿಲ್ಲ, ಆದರೂ ಹೋದೆ. ಕೋಣೆಯ ಮುಂದೆ ರಂಗೋಲಿ ಬಿಟ್ಟಿತ್ತು. ಯಜಮಾನಿ ತನ್ನ ಎಮ್ಮೆಯ ಹಾಲನ್ನೇ ಕೊಟ್ಟಿದ್ದಳು. ಹೊಸ ಮಣ್ಣೊಲೆಯ ಮುಂದೆ ಅವಳು ಕೂತಿದ್ದಳು, ಒಬ್ಬಳೇ. ನನ್ನನ್ನು ನೋಡಿ ಬನ್ನಿ ಅಕ್ಕಾವ್ರೆ ಎಂದು ಚಾಪೆ ಸರಿಸಿದಳು. ಹಾಲು ಉಕ್ಕಿ ಪೂರ್ವದ ಕಡೆಗೇ ಸುರಿಯಿತು. ಒಳ್ಳೇ ಲಕ್ಷಣ ಎಂದು ಸಾಲಿನ ಹೆಂಗಸರು ಹೇಳಿ, ಹಾಲು ಕುಡಿದು ಹೋದರು.

ಅವರೆಲ್ಲ ಹೋದ ಮೇಲೆ ಮಗಳನ್ನು ಯಾವಾಗ ಕರೆತರುತ್ತೀ ಎಂದು ಕೇಳಿದೆ. ಬುಧವಾರ ಹೋಗಿದ್ದಳಂತೆ. ಶ್ರಾವಣಕ್ಕೆ ಕಳಿಸುತ್ತೇನೆ ಎಂದಿದ್ದ ಭಾವ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ್ದಾನೆ. ಮನೆಯಿಲ್ಲ ಎಂದು ನೀನೇ ತಾನೇ ತಂದು ಬಿಟ್ಟದ್ದು, ಬೀದಿಯಲ್ಲಿರುವವಳಿಗೆ ಮಗು ಯಾಕೆ ಎಂದಿದ್ದಾನೆ. ಈಗ ಮನೆ ಇದೆ ಎಂದರೂ ಕೇಳಲಿಲ್ಲ. ಹುಡುಗಿ ಅಲ್ಲಿರಲೂ ಇಲ್ಲ, ಹೆಂಡತಿಯ ತವರಿಗೆ ಆಗಲೇ ಸಾಗಿಸಿಬಿಟ್ಟಿದ್ದ. ಇದನ್ನೆಲ್ಲ ಅವಳು ಅಳದೆ, ದನಿ ಏರಿಸದೆ ಹೇಳಿದಳು. ನನಗೇ ತಡೆಯಲಾಗಲಿಲ್ಲ. ನನ್ನದೇ ತಪ್ಪು, ಅಧ್ಯಕ್ಷರ ಮುಂದೆಯೂ ಬಾಯಿ ಬಿಡಲಿಲ್ಲ, ನಾನು ಹೇಡಿ ಎಂದು ಅತ್ತುಬಿಟ್ಟೆ. ಅವಳು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು.

"ಅವತ್ತು ಒಂದು ಬೆಳಗ್ಗೆ ಬಿಟ್ಟಿದ್ರೆ ಸಾಕಾಗಿತ್ತು ಅಕ್ಕಾವ್ರೆ," ಎಂದಳು. ಬಯ್ಯುವ ದನಿಯಲ್ಲ, ಲೆಕ್ಕ ಹೇಳುವ ದನಿ.

ಅದೇ ದಿನ ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿದೆ. ಅವರು ಕೊಡೆ ತೆಗೆದುಕೊಂಡು ನನ್ನ ಜೊತೆ ಹೊರಟರು. ಕನಕಪುರದ ಆಚೆಗೆ ಎರಡು ಸಲ ಹೋದೆವು, ಪೊಲೀಸ್ ಸ್ಟೇಷನ್ನಿನಲ್ಲಿ ಕೂತೆವು, ಊರ ಹಿರಿಯರ ಕೈಕಾಲು ಹಿಡಿದೆವು. ಹುಡುಗಿ ಸಿಗಲಿಲ್ಲ. ಆ ಬೋರ್ಡನ್ನು ನಾನೇ ಕಿತ್ತು ಹಾಕಿದೆ, ವರ್ಷ ತುಂಬುವುದರೊಳಗೆ ಕೆಲಸವನ್ನೂ ಬಿಟ್ಟೆ. ಹುಡುಗಿ ಆ ಕೋಣೆಗೆ ಕೊನೆಗೂ ಬರಲಿಲ್ಲ.

ಆದರೆ ಆ ಶುಕ್ರವಾರ ಇದೆಲ್ಲ ನಮಗೆ ಗೊತ್ತಿರಲಿಲ್ಲ. ನಾನು ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ ಯಜಮಾನಿ ಬಾವಿಯ ಹತ್ತಿರದಿಂದ ಕೂಗಿದಳು. ಆ ಸಾಲಿನಲ್ಲಿ ನೀರು ತಲೆಯ ಲೆಕ್ಕ, ಆಳಿಗೆ ಎರಡು ಕೊಡ. ಒಬ್ಬರಿಗೋ ಇಬ್ಬರಿಗೋ ಎಂದು ಕೇಳುತ್ತಿದ್ದಳು. ಇವಳು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಹೋಗಿ ನಿಂತಳು.

"ಇಬ್ಬರಿಗೆ," ಎಂದಳು.

ನಾನು ಹಗ್ಗ ಹಿಡಿದು ಸೇದಿದೆ. ಮಗಳ ಪಾಲಿನ ಎರಡು ಕೊಡವನ್ನೂ ನಾನೇ ಹೊತ್ತು ತಂದು ಒಳಗಿಟ್ಟೆ.